ನಿಮಗಿದು ಗೊತ್ತೇ? ಪೊಲೀಸ್, ಫೈರ್, ಆಂಬ್ಯುಲೆನ್ಸ್: ಎಲ್ಲರಿಗೂ ಒಂದೇ ವೈರ್‌ಲೆಸ್

ದೊಡ್ಡ ಅವಘಡ ನಡೆದಾಗ ಪೊಲೀಸರು, ಅಗ್ನಿಶಾಮಕದವರು, ಆಂಬ್ಯುಲೆನ್ಸ್‌ನವರು ಒಟ್ಟಿಗೇ ಓಡಿ ಬರುತ್ತಾರೆ. ಎಲ್ಲರ ಕೈಯಲ್ಲೂ ವಾಕಿಟಾಕಿ ಇರುತ್ತದೆ. ಆದರೆ ಒಬ್ಬರು ಆಡಿದ್ದು ಇನ್ನೊಬ್ಬರಿಗೆ ಕೇಳಿಸುತ್ತದೆ ಎಂಬ ಖಾತ್ರಿ ಇರಲಿಲ್ಲ. ಅನೇಕ ಕಡೆ ಇಂದಿಗೂ ಇಲ್ಲ. ಇಲಾಖೆಗೊಂದು, ಊರಿಗೊಂದು ವೈರ್‌ಲೆಸ್ ಇಟ್ಟುಕೊಳ್ಳುವುದನ್ನು ಬಿಟ್ಟು ಇಡೀ ಪ್ರದೇಶಕ್ಕೆ ಒಂದೇ ಜಾಲ ಕಟ್ಟಿಕೊಳ್ಳಬೇಕೆಂಬ ಅರಿವು ಹಲವು ಜೀವಗಳನ್ನು ಕಳೆದುಕೊಂಡ ಮೇಲೆ ಬಂದದ್ದು.

1. ಪೊಲೀಸ್ ವೈರ್‌ಲೆಸ್ ಮೊದಲು ಒಮ್ಮುಖವಾಗಿತ್ತು. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಲ್ಲಿ ರೇಡಿಯೊ ಬಳಸತೊಡಗಿದರು. ಕೇಂದ್ರದಿಂದ ಹೇಳಿದ್ದು ಕಾರಿನಲ್ಲಿ ಕೇಳಿಸುತ್ತಿತ್ತು, ಅಷ್ಟೇ. ಉತ್ತರ ಕೊಡಬೇಕಾದರೆ ಕಾರಿನಿಂದಿಳಿದು ಫೋನ್ ಹುಡುಕಬೇಕು! ಎರಡೂ ಕಡೆಯಿಂದ ಮಾತನಾಡುವ ಪೊಲೀಸ್ ರೇಡಿಯೊ 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಪಟ್ಟಣಕ್ಕೆ ಬಂತು.

2. ಸಿನಿಮಾಗಳಲ್ಲಿ ಪೊಲೀಸರು 'ಸರಿ, ಕೇಳಿಸಿತು' ಎನ್ನಲು ಬಳಸುವ 'ಟೆನ್-ಫೋರ್' ಎಂಬ ಸಂಕೇತದ ಹಿಂದೆ ಯಂತ್ರದ ಕಾರಣವೊಂದಿದೆ. ಹಳೆಯ ಟ್ರಾನ್ಸ್‌ಮಿಟರ್‌ಗಳು ಗುಂಡಿ ಒತ್ತಿದ ತಕ್ಷಣ ಪೂರ್ತಿ ಶಕ್ತಿಗೆ ಬರುತ್ತಿರಲಿಲ್ಲ, ಹೇಳಿದ ಮೊದಲ ಅಕ್ಷರ ಕಳೆದುಹೋಗುತ್ತಿತ್ತು. ಹಾಗಾಗಿ 1930ರ ದಶಕದ ಕೊನೆಗೆ ಇಲಿನಾಯ್ ರಾಜ್ಯ ಪೊಲೀಸ್‌ನ ಚಾರ್ಲ್ಸ್ ಹಾಪರ್ ಪ್ರತಿ ಸಂಕೇತದ ಮುಂದೆಯೂ 'ಟೆನ್' ಇಟ್ಟರು. ಅದು ಹೋದರೂ ಮುಂದಿನ ಅಂಕಿ ಉಳಿಯುತ್ತಿತ್ತು.

3. ಮುಂದೆ ಒಂದೊಂದು ಇಲಾಖೆಯೂ ಈ ಅಂಕಿಗಳಿಗೆ ತನ್ನದೇ ಅರ್ಥ ಕೊಟ್ಟುಕೊಂಡಿತು. ನೆರೆಯೂರಿನಿಂದ ನೆರವಿಗೆ ಬಂದವರಿಗೆ ಸಂಕೇತ ಕೇಳಿಸಿದರೂ ತಿಳಿಯದ ಸ್ಥಿತಿ ಬಂತು. 2006ರಿಂದ ಅಮೆರಿಕ ಸರ್ಕಾರ ಒಂದು ಷರತ್ತು ಹಾಕಿತು: ಹಲವು ಇಲಾಖೆಗಳು ಸೇರಿ ಕೆಲಸ ಮಾಡುವಾಗ ಸಂಕೇತ ಬೇಡ, ಸಾದಾ ಮಾತೇ ಆಡಬೇಕು; ಇಲ್ಲವಾದರೆ ವಿಪತ್ತು ಸಿದ್ಧತೆಯ ಅನುದಾನಕ್ಕೆ ಕುತ್ತು.

4. ಇಂಥ ಹೊಂದಾಣಿಕೆಯ ಕೊರತೆ ರೇಡಿಯೊಗಿಂತ ಹಳೆಯದು. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿಯಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ಅಗ್ನಿಶಾಮಕ ದಳಗಳು ಧಾವಿಸಿದವು. ಆದರೆ ಅವರಲ್ಲಿ ಹಲವರ ಪೈಪುಗಳ ತುದಿ ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಕೂಡಲೇ ಇಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಪೈಪಿನ ಜೋಡಣೆಗೆ ರಾಷ್ಟ್ರೀಯ ಅಳತೆ ಬಂದದ್ದು ಅದರ ನಂತರ.

5. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾ ವಿಮಾನ ಸೇತುವೆಗೆ ಬಡಿದು, ಹಿಮಗಟ್ಟಿದ ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 79 ಮಂದಿಯಲ್ಲಿ ಬದುಕುಳಿದವರು 5. ಅರ್ಧ ಗಂಟೆಯೊಳಗೆ ಅದೇ ನಗರದ ಮೆಟ್ರೊ ರೈಲು ಹಳಿ ತಪ್ಪಿತು. ಸುತ್ತಲ ಊರುಗಳಿಂದ ನೆರವೇನೋ ಬಂತು. ಆದರೆ ಬಂದವರ ರೇಡಿಯೊಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆ ದಿನದ ಕಷ್ಟ ಕಂಡ ಮೇಲೆ ಅಲ್ಲಿನ ನೆರೆಹೊರೆಯ ಊರುಗಳು ಒಟ್ಟಿಗೆ ಕೂತು ಮಾತನಾಡತೊಡಗಿದವು.

6. ಅದರ ಫಲ 2001ರ ಸೆಪ್ಟೆಂಬರ್ 11ರಂದು ಕಂಡಿತು. ಉಗ್ರರ ವಿಮಾನ ದಾಳಿಗೆ ತುತ್ತಾದ, ವಾಷಿಂಗ್ಟನ್ ಪಕ್ಕದ ಪೆಂಟಗನ್‌ಗೆ ಮೊದಲು ಧಾವಿಸಿದ ಆರ್ಲಿಂಗ್ಟನ್ ಮತ್ತು ನೆರೆಯ ಊರುಗಳ ಅಗ್ನಿಶಾಮಕದವರು ಪರಸ್ಪರ ರೇಡಿಯೊದಲ್ಲಿ ಮಾತನಾಡಬಲ್ಲವರಾಗಿದ್ದರು. ಅದೇ ಬೆಳಿಗ್ಗೆ ನ್ಯೂಯಾರ್ಕ್‌ನಲ್ಲಿ ನಡೆದದ್ದೇ ಬೇರೆ. ಅಂಥದೇ ದಾಳಿಗೆ ತುತ್ತಾದ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳಲ್ಲಿ ದಕ್ಷಿಣದ್ದು 9:59ಕ್ಕೆ ಕುಸಿಯಿತು. ಉತ್ತರ ಗೋಪುರವೂ ಉಳಿಯುವುದಿಲ್ಲವೆಂದು ಪೊಲೀಸ್ ಹೆಲಿಕಾಪ್ಟರ್‌ನಲ್ಲಿದ್ದವರು ಕಂಡು ಹೇಳಿದರು. ಆ ಎಚ್ಚರಿಕೆ ಪೊಲೀಸ್ ರೇಡಿಯೊದಲ್ಲಿ ಬಂತು. ಅಗ್ನಿಶಾಮಕ ಮುಖ್ಯಸ್ಥರಿಗೆ ಮುಟ್ಟಲಿಲ್ಲ. ಉತ್ತರ ಗೋಪುರದೊಳಗಿದ್ದ ಎಷ್ಟೋ ಸಿಬ್ಬಂದಿಗೆ ಪಕ್ಕದ ಗೋಪುರ ಬಿದ್ದದ್ದೇ ತಿಳಿದಿರಲಿಲ್ಲ. 10:28ಕ್ಕೆ ಅದೂ ಕುಸಿಯಿತು. ಆ ದಿನ ನ್ಯೂಯಾರ್ಕ್ ಅಗ್ನಿಶಾಮಕ ದಳ 343 ಮಂದಿಯನ್ನು ಕಳೆದುಕೊಂಡಿತು. ಎಲ್ಲ ಸಾವುಗಳಿಗೂ ರೇಡಿಯೊ ಒಂದೇ ಕಾರಣವಲ್ಲ. ಆದರೂ ಒಂದು ಇಲಾಖೆಗೆ ಗೊತ್ತಿದ್ದ ಅಪಾಯ ಇನ್ನೊಂದು ಇಲಾಖೆಗೆ ಗೊತ್ತಾಗದೇ ಹೋದದ್ದನ್ನು ಯಾರೂ ಮರೆಯಬಾರದು.

7. ಹಂಚಿಕೊಂಡ ಜಾಲದ ಗುಟ್ಟು 'ಟ್ರಂಕಿಂಗ್'. ಹಿಂದೆ ಒಂದು ಇಲಾಖೆಗೆ ಒಂದು ಚಾನೆಲ್ ಎಂದು ಮೀಸಲಿಡುತ್ತಿದ್ದರು. ಅದು ಬಹುಪಾಲು ಹೊತ್ತು ಖಾಲಿ ಬಿದ್ದಿರುತ್ತಿತ್ತು. ಟ್ರಂಕಿಂಗ್‌ನಲ್ಲಿ ಚಾನೆಲ್‌ಗಳೆಲ್ಲ ಎಲ್ಲರಿಗೂ ಸೇರಿದವು. ಪೇದೆಯೊಬ್ಬ ಗುಂಡಿ ಒತ್ತುತ್ತಾನೆ; ಆತನ ರೇಡಿಯೊ ನಿಯಂತ್ರಣ ಚಾನೆಲ್ ಮೂಲಕ ಜಾಗ ಕೇಳುತ್ತದೆ; ಕಂಪ್ಯೂಟರ್ ಖಾಲಿ ಚಾನೆಲ್ ಒಂದನ್ನು ಆತನ ಗುಂಪಿಗೆ ಕೊಡುತ್ತದೆ; ಕಿವಿಗೆ 'ಬೀಪ್' ಬೀಳುತ್ತದೆ. ಇಷ್ಟಕ್ಕೂ ಸೆಕೆಂಡಿನ ಒಂದು ಪಾಲು ಸಾಕು. ಬೀಪ್ ಬರುವ ಮುನ್ನ ಬಾಯಿ ತೆರೆದರೆ ಮೊದಲ ಪದ ಹೋಯಿತೆಂದೇ ಲೆಕ್ಕ. ಎಲ್ಲ ಚಾನೆಲ್‌ಗಳೂ ಭರ್ತಿಯಾಗಿದ್ದರೆ ಬೇರೆ ದನಿ ಕೇಳಿಸುತ್ತದೆ, ಸರದಿ ಕಾಯಬೇಕು.

8. ಒಂದೇ ಜಾಲವೆಂದರೆ ಎಲ್ಲರೂ ಒಟ್ಟಿಗೆ ಗದ್ದಲ ಮಾಡುವುದಲ್ಲ. ಪೊಲೀಸರದೊಂದು, ಅಗ್ನಿಶಾಮಕದವರದೊಂದು, ಆಂಬ್ಯುಲೆನ್ಸ್‌ನವರದೊಂದು ಹೀಗೆ 'ಟಾಕ್‌ಗ್ರೂಪ್'ಗಳಿರುತ್ತವೆ. ದಿನನಿತ್ಯ ಅವರವರ ಕೆಲಸ ಅವರವರ ಗುಂಪಿನಲ್ಲೇ ನಡೆಯುತ್ತದೆ. ಅವಘಡವಾದಾಗ ಎಲ್ಲರೂ ಒಂದು ಸಾಮಾನ್ಯ ಗುಂಪಿಗೆ ಗುಬುಟು ತಿರುಗಿಸುತ್ತಾರೆ.

9. ರೇಡಿಯೊದ ತಲೆಯ ಮೇಲೆ ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಗುಂಡಿಯೊಂದಿರುತ್ತದೆ. ದಪ್ಪ ಕೈಗವಸು ತೊಟ್ಟವರಿಗೂ, ಹೊಗೆಯಲ್ಲಿ ಕಣ್ಣು ಕಾಣದವರಿಗೂ ಸಿಗಲೆಂದು ಅದನ್ನು ಅಲ್ಲಿಟ್ಟಿದ್ದಾರೆ. ಅದನ್ನು ಒತ್ತಿದರೆ ಆ ರೇಡಿಯೊದ ಗುರುತು ಕಂಟ್ರೋಲ್ ರೂಮಿನ ಪರದೆಯಲ್ಲಿ ಮೂಡುತ್ತದೆ. ಜಾಲ ಎಷ್ಟೇ ತುಂಬಿದ್ದರೂ ಗುಂಡಿ ಒತ್ತಿದವರ ಕರೆಗೆ ಆದ್ಯತೆ ಸಿಗುತ್ತದೆ.

10. ಬೇರೆ ಬೇರೆ ಕಂಪನಿಗಳ ರೇಡಿಯೊಗಳು ಹೊಂದಿಕೊಳ್ಳಲು ಸಮಾನ ಮಾನದಂಡ ಬೇಕಲ್ಲ? ಅಮೆರಿಕದಲ್ಲಿ 'ಪ್ರಾಜೆಕ್ಟ್ 25' ಎಂಬುದರ ಕೆಲಸ 1989ರಲ್ಲಿ ಶುರುವಾಯಿತು. ಯುರೋಪಿನಲ್ಲಿ 'ಟೆಟ್ರಾ' ಬಂತು. ಅದರ ಒಂದೇ ತರಂಗಾಂತರದಲ್ಲಿ ಏಕಕಾಲಕ್ಕೆ 4 ಸಂಭಾಷಣೆ ನಡೆಯಬಲ್ಲವು.

11. ಇಡೀ ದೇಶಕ್ಕೇ ಒಂದು ಟೆಟ್ರಾ ಜಾಲ ಕಟ್ಟಿ, ಎಲ್ಲ ತುರ್ತು ಸೇವಾ ಇಲಾಖೆಗಳಿಗೂ ಹಂಚಿದವರಲ್ಲಿ ಮೊದಲಿಗರು ಫಿನ್ಲೆಂಡಿನವರು. ಅವರ 'ವಿರ್ವೆ' ಜಾಲ 2002ರ ಹೊತ್ತಿಗೆ ದೇಶವಿಡೀ ಹರಡಿತ್ತು.

12. ನಾರ್ವೆಯ ಜಾಲ ಅರ್ಧದಾರಿಯಲ್ಲಿದ್ದಾಗಲೇ ದುರಂತ ಎರಗಿತು. 2011ರ ಜುಲೈ 22ರಂದು ಉಟೋಯಾ ದ್ವೀಪದಲ್ಲಿ ಹಂತಕನೊಬ್ಬ 69 ಮಂದಿಯನ್ನು ಕೊಂದ. ಓಸ್ಲೊ ಪೊಲೀಸರ ಬಳಿ ಹೊಸ ಡಿಜಿಟಲ್ ಜಾಲವಿತ್ತು. ದ್ವೀಪವಿದ್ದ ಜಿಲ್ಲೆಯ ಪೊಲೀಸರಿಗೆ ಅದಿನ್ನೂ ತಲುಪಿರಲಿಲ್ಲ. ದೇಶಕ್ಕೆಲ್ಲ ಜಾಲ ಮುಟ್ಟಿದ್ದು 2015ರಲ್ಲಿ.

13. ಲಂಡನ್ನಿನ ಕಿಂಗ್ಸ್ ಕ್ರಾಸ್ ಸುರಂಗ ರೈಲು ನಿಲ್ದಾಣದಲ್ಲಿ 1987ರಲ್ಲಿ ಬೆಂಕಿ ಬಿದ್ದು 31 ಮಂದಿ ಸತ್ತರು. ನೆಲದಡಿಯ ರೇಡಿಯೊ ಸಂಪರ್ಕ ಸರಿಪಡಿಸಿ ಎಂದು ತನಿಖಾ ವರದಿ ಮರುವರ್ಷವೇ ಹೇಳಿತ್ತು. 2005ರ ಜುಲೈ 7ರಂದು ಅದೇ ನಗರದ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದ ದಿನವೂ ಮಹಾನಗರ ಪೊಲೀಸರ ರೇಡಿಯೊ ಆ ಸುರಂಗಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ವರದಿ ಬರೆದರಾಯಿತೇ? ಅದನ್ನು ಜಾರಿಗೆ ತರುವವರು ಬೇಕು.

14. ಡಿಜಿಟಲ್ ರೇಡಿಯೊಗೂ ಮಿತಿಯಿದೆ. ಗರಗಸದ ಸದ್ದು, ಅಲಾರಂನ ಕಿರುಚಾಟದ ನಡುವೆ ಅದು ಮಾತನ್ನು ಗುರುತಿಸಲಾರದೆ ತಡವರಿಸಬಹುದು. ಕಟ್ಟಡದ ಆಳದಲ್ಲಿ ಟವರಿನ ಸಂಕೇತ ಸಿಗದಿರುವುದೂ ಉಂಟು. ಹೀಗಾಗಿ ಉರಿಯುವ ಕಟ್ಟಡದೊಳಗೆ ಹೋಗುವಾಗ ಎಷ್ಟೋ ಅಗ್ನಿಶಾಮಕ ದಳಗಳು ಟವರಿನ ಹಂಗಿಲ್ಲದೆ ರೇಡಿಯೊದಿಂದ ರೇಡಿಯೊಗೆ ನೇರವಾಗಿ ಮಾತನಾಡುವ ಹಳೆಯ ವಿಧಾನವನ್ನೇ ನೆಚ್ಚಿಕೊಂಡಿವೆ.

15. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಇಂಥದೊಂದು ಜಾಲದ ಕಾವಲಿದೆ. ಅಲಮೀಡಾ ಮತ್ತು ಕಾಂಟ್ರಾ ಕಾಸ್ಟಾ ಕೌಂಟಿಗಳ ಸಂಸ್ಥೆಗಳು ಕೂಡಿ 'ಈಸ್ಟ್ ಬೇ ಪ್ರಾದೇಶಿಕ ಸಂಪರ್ಕ ವ್ಯವಸ್ಥೆ' ಕಟ್ಟಿಕೊಂಡಿವೆ. ಇದೇ ಸೀಮೆಯ ಓಕ್ಲೆಂಡ್ ಬೆಟ್ಟಗಳಲ್ಲಿ 1991ರ ಅಕ್ಟೋಬರ್‌ನಲ್ಲಿ ಎದ್ದ ಬೆಂಕಿಗೆ 25 ಮಂದಿ ಬಲಿಯಾಗಿದ್ದರು. ರೇಡಿಯೊ ಚಾನೆಲ್‌ಗಳು ಕಿಕ್ಕಿರಿದಿದ್ದವು. ಹೊರಗಿನಿಂದ ಬಂದವರ ಪೈಪುಗಳು, ಬಾಲ್ಟಿಮೋರಿನಲ್ಲಾದಂತೆಯೇ, ಓಕ್ಲೆಂಡಿನ ನಲ್ಲಿಗಳಿಗೆ ನೇರವಾಗಿ ಕೂಡಲಿಲ್ಲ.

16. ಎಲ್ಲವೂ ಸರಿಯಾಗಿ ನಡೆದ ದಿನವೂ ಒಂದಿದೆ. 2007ರ ಆಗಸ್ಟ್ 1, ಸಂಜೆ 6:05. ಮಿನಿಯಾಪೊಲಿಸ್‌ನಲ್ಲಿ ವಾಹನಗಳು ತುಂಬಿ ಹರಿಯುತ್ತಿದ್ದ ಹೊತ್ತಿಗೆ ಹೆದ್ದಾರಿ ಸೇತುವೆ ಮಿಸಿಸಿಪ್ಪಿ ನದಿಗೆ ಕುಸಿಯಿತು. 13 ಮಂದಿ ಸತ್ತರು, 145 ಮಂದಿ ಗಾಯಗೊಂಡರು. ಮೊಬೈಲ್ ಜಾಲ ಕರೆಗಳ ಭಾರಕ್ಕೆ ತತ್ತರಿಸಿತು. ಆದರೆ ಹಲವು ಊರು, ಕೌಂಟಿ, ರಾಜ್ಯ ಇಲಾಖೆಗಳು ಹಂಚಿಕೊಂಡಿದ್ದ 800 ಮೆಗಾಹರ್ಟ್ಸ್ ರೇಡಿಯೊ ಜಾಲ ಕೈಕೊಡಲಿಲ್ಲ. ರಕ್ಷಣೆಗೊಂದು, ಗಾಯಾಳುಗಳ ಸಾಗಣೆಗೊಂದು ಎಂದು ಗುಂಪುಗಳು ಬೇಗನೆ ಹಂಚಿಕೆಯಾದವು. ಯಂತ್ರ ಒಂದರಿಂದಲೇ ಇದು ಆದದ್ದಲ್ಲ. ಕೆಲವು ವರ್ಷಗಳ ಮೊದಲೇ ನಗರದ ಅಧಿಕಾರಿಗಳು ಒಟ್ಟಿಗೆ ವಿಪತ್ತು ನಿರ್ವಹಣೆಯ ತರಬೇತಿ ಪಡೆದಿದ್ದರು. ಒಬ್ಬರಿಗೊಬ್ಬರು ಪರಿಚಿತರಾಗಿದ್ದರು.

17. ಜಾಲ ಎಷ್ಟು ದೊಡ್ಡದಾದರೂ ಅದು ನಿಂತಿರುವುದು ಟವರ್, ಬ್ಯಾಟರಿ, ಡೀಸೆಲ್‌ಗಳ ಮೇಲೆ. 2005ರ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಸುತ್ತಮುತ್ತ ಅದನ್ನು ತೋರಿಸಿಕೊಟ್ಟಿತು. ಕರೆಂಟು ಹೋಗಿ, ಜನರೇಟರ್‌ಗಳು ನಿಂತು, ನೆರೆನೀರಿನಲ್ಲಿ ಇಂಧನ ಒಯ್ಯುವ ದಾರಿಯೂ ಇಲ್ಲದೆ ರೇಡಿಯೊಗಳು ಮೂಕವಾದವು.

18. ಅಮೆರಿಕದಲ್ಲಿ 2012ರ ಕಾನೂನಿನಿಂದ 'ಫಸ್ಟ್‌ನೆಟ್' ಹುಟ್ಟಿತು. ಇದು ತುರ್ತು ಸೇವೆಯ ಸಿಬ್ಬಂದಿಗೆ ಆದ್ಯತೆ ಕೊಡುವ ಮೊಬೈಲ್ ಜಾಲ. ವಿಡಿಯೊ, ನಕ್ಷೆ, ಮಾಹಿತಿಗೆ ಅನುಕೂಲ. ಹಾಗೆಂದು ವಾಕಿಟಾಕಿ ಮೂಲೆ ಸೇರಿಲ್ಲ. ಜೀವ ಉಳಿಸುವ ಮಾತಿಗೆ ಅಲ್ಲಿ ಇಂದಿಗೂ ಅದರ ಮೇಲೇ ಭರವಸೆ.

19. ಇಲಾಖೆಗಳು ಪರಸ್ಪರ ಮಾತನಾಡುವಂತಾಗಲು ಏನೇನು ಬೇಕು? ಅಮೆರಿಕದ 'ಸೇಫ್‌ಕಾಮ್' ಕಾರ್ಯಕ್ರಮ 5 ಅಂಶ ಪಟ್ಟಿ ಮಾಡಿದೆ: ಜಂಟಿ ಆಡಳಿತ, ಕಾರ್ಯವಿಧಾನ, ತಂತ್ರಜ್ಞಾನ, ತರಬೇತಿ, ದಿನನಿತ್ಯದ ಬಳಕೆ. ಐದರಲ್ಲಿ ತಂತ್ರಜ್ಞಾನ ಒಂದೇ ಒಂದು! ಉಳಿದ ನಾಲ್ಕೂ ಮನುಷ್ಯರ ನಡುವಿನ ಒಪ್ಪಂದಗಳು. ಖರ್ಚು ಯಾರು ಹೊರಬೇಕು, ಯಾವ ಗುಂಪಿಗೆ ಯಾರು ಬರಬೇಕು, ಯಾರ ಮಾತು ನಡೆಯಬೇಕು ಎಂಬುದು ಬೆಂಕಿ ಬಿದ್ದ ಮೇಲೆ ತೀರ್ಮಾನವಾಗುವ ಸಂಗತಿಯಲ್ಲ. ಏನೂ ಆಗದ ಸಾಮಾನ್ಯ ದಿನದಲ್ಲಿ, ನೆರೆಯೂರಿನವರನ್ನು ಕರೆದು ಕೂರಿಸಿಕೊಂಡು, ಬೇಸರವಿಲ್ಲದೆ ಆ ಮಾತುಕತೆ ಮುಗಿಸಿದವರು ಎಷ್ಟೋ ಜೀವ ಉಳಿಸಿದ್ದಾರೆ.