ಕೊಯಮತ್ತೂರಿನ ಕಬ್ಬು: ಒಂದೇ ತಳಿಯನ್ನು ನೆಚ್ಚಬಾರದು

ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಇಳಿಯುವ ನಮ್ಮ ರೈತರು ಪಂಪಿನ ಸಾಮಾನು ಕೊಂಡು ಊರಿಗೆ ಮರಳುವುದುಂಟು. ಅದೇ ನಗರದ ಪಶ್ಚಿಮಕ್ಕೆ, ವೀರಕೇರಳಂನಲ್ಲಿ, ತಮ್ಮ ಹೊಲದ ಕಬ್ಬಿನ ತವರುಮನೆ ಇದೆಯೆಂಬುದು ಎಲ್ಲರಿಗೂ ತಿಳಿದಿರಲಾರದು. ಅದು 1912ರಲ್ಲಿ ಆರಂಭವಾದ ಸರಕಾರಿ ಕಬ್ಬು ತಳಿ ಸಂಶೋಧನ ಸಂಸ್ಥೆ. ತಳಿಯ ಹೆಸರಿನ ಮುಂದಿರುವ ‘ಕೊ’ ಎಂಬುದು ಕೊಯಮತ್ತೂರಿನ ಗುರುತು. ಕೊ. 86032ರ ಮೊದಲೆರಡು ಅಂಕೆಗಳು 1986ನೆಯ ಇಸವಿಯನ್ನೂ, ಮಂಡ್ಯ ಸೀಮೆಯ ಆಲೆಮನೆಗಳು ಮೆಚ್ಚಿದ ಕೊ. 62175ರವು 1962ನೆಯ ಇಸವಿಯನ್ನೂ ತಿಳಿಸುತ್ತವೆ.

ಕಬ್ಬನ್ನು ನಾವು ತುಂಡು ಮಾಡಿ ನೆಡುತ್ತೇವೆ. ತುಂಡಿನಿಂದ ಬೆಳೆದುದು ತಾಯಿಯ ಪಡಿಯಚ್ಚೇ ಸರಿ. ಹೊಸ ತಳಿ ಬೇಕಾದರೆ ಸೂಲಂಗಿ ಹೊರಟು ಬೀಜ ಕಟ್ಟಬೇಕು. ಕೊಯಮತ್ತೂರಿನ ಹವೆ ಇದಕ್ಕೆ ಅನುಕೂಲ. ಡಾ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಇಲ್ಲಿ ಸಿಹಿಯಾದ ದಪ್ಪ ಕಬ್ಬಿಗೆ ಹೊಳೆದಂಡೆಯ ಕಾಡುಕಬ್ಬನ್ನು ಕೂಡಿಸಿದರು. ತಮಿಳರು ‘ನಾಣಲ್’ ಎನ್ನುವ ಹುಲ್ಲೇ ಅದು. ಒಂದರ ಸಿಹಿ, ಇನ್ನೊಂದರ ಗಡುಸುತನ ಕೂಡಿ ಹುಟ್ಟಿದ ಕೊ. 205 ತಳಿಯು 1918ರಲ್ಲಿ ಪಂಜಾಬಿನ ಹೊಲಗಳಿಗೆ ಹೋಯಿತು.

ಕಬ್ಬಿನ ಜೀವಕಣದೊಳಗೆ ನೂರಕ್ಕೂ ಮಿಕ್ಕಿದ ವರ್ಣತಂತುಗಳಿವೆ. ಮನುಷ್ಯನಿಗಿರುವುದು 46 ಮಾತ್ರ. ತಂದೆತಾಯಿಗಳ ಗುಣವನ್ನು ಹೊತ್ತು ತರುವುವು ಇವೇ. ಇಷ್ಟು ತೊಡಕಿನ ಲಿಪಿಯಾದ್ದರಿಂದ ಅದನ್ನು ಓದುವುದು ತಡವಾಯಿತು. 2018ರಲ್ಲಿ ಕಾಡುಕಬ್ಬಿನದೂ 2024ರಲ್ಲಿ ಆರ್ 570 ಎಂಬ ಸಾಗುವಳಿ ತಳಿಯದೂ ಪ್ರಕಟವಾದವು. ರೋಗ ತಡೆಯುವ ಗುಣ ಎಲ್ಲಿ ಅಡಗಿದೆಯೆಂದು ಸಸಿಯಲ್ಲೇ ಗುರುತಿಸಲು ಇಂಥ ಓದು ನೆರವಾಗುತ್ತದೆ. ಆದರೂ ಹೊಲದ ಪರೀಕ್ಷೆ ತಪ್ಪದು. ಒಂದು ತಳಿ ರೈತನ ಕೈ ಸೇರಲು ಹತ್ತು ವರ್ಷಗಳಿಗೂ ಹೆಚ್ಚು ಹಿಡಿಯುತ್ತದೆ.

ಇಷ್ಟು ಶ್ರಮದ ಫಲವನ್ನೂ ಒಂದು ತಪ್ಪು ನುಂಗಬಲ್ಲದು. ಇದೇ ಸಂಸ್ಥೆಯ ಕರ್ನಾಲ್ ಕೇಂದ್ರದ ಕೊ. 0238 ತಳಿಯು 2009ರಲ್ಲಿ ಬಿಡುಗಡೆಯಾಯಿತು. ಇಳುವರಿಯೂ ಸಕ್ಕರೆಯೂ ಹೆಚ್ಚೆಂದು ಉತ್ತರ ಪ್ರದೇಶದ ರೈತರು ಅದನ್ನೇ ಹಿಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಬ್ಬಿನ ನೆಲದ ಬಹುಪಾಲು ಅದೊಂದರದೇ ಆಯಿತು. ಬಳಿಕ ಕೆಂಪು ಕೊಳೆ ರೋಗ ಹೊಕ್ಕಿತು. ಎಲ್ಲವೂ ಒಂದೇ ತಳಿಯಾಗಿದ್ದುದರಿಂದ ತಡೆಯುವವರೇ ಇಲ್ಲದಾಗಿ ಹೊಲದಿಂದ ಹೊಲಕ್ಕೆ ಹರಡಿತು.

ನಮ್ಮ ಕಡೆಯೂ ಕೊ. 86032 ಬಹಳ ವ್ಯಾಪಿಸಿದೆ. ಅದು ಒಳ್ಳೆಯ ತಳಿಯೇ. ಆದರೆ ಊರಿಗೆ ಊರೇ ಅದೊಂದನ್ನೇ ನೆಚ್ಚುವುದು ಜಾಣತನವಲ್ಲ.

ಆದುದರಿಂದ ಈ ಕೆಲವು ಮಾತುಗಳನ್ನು ನೆನಪಿಡಬೇಕು. ಬಿತ್ತನೆಯ ಕಬ್ಬನ್ನು ಗೊತ್ತಿರುವ, ರೋಗವಿಲ್ಲದ ಹೊಲದಿಂದಲೇ ತರಬೇಕು. ತುಂಡು ಮಾಡುವ ಮೊದಲು ನಾಲ್ಕಾರು ಜಲ್ಲೆಗಳನ್ನು ಉದ್ದಕ್ಕೆ ಸೀಳಿ ನೋಡಬೇಕು. ಒಳಗೆ ಕೆಂಪಾಗಿ, ನಡುನಡುವೆ ಬಿಳಿಯ ಅಡ್ಡಪಟ್ಟೆಯಿದ್ದು, ಹೆಂಡದಂಥ ಹುಳಿವಾಸನೆ ಬಂದರೆ ಅದು ಕೆಂಪು ಕೊಳೆ. ಆ ಹೊಲದ ಕಬ್ಬನ್ನು ನೆಡಬಾರದು. ರೋಗ ಬಿದ್ದ ಹೊಲದಲ್ಲಿ ಕೂಳೆ ಬಿಡದೆ, ಬುಡ ಕಿತ್ತು ಸುಟ್ಟು, ಬೇರೆ ಬೆಳೆ ಇಡಬೇಕು. ಹೊಲದ ಒಂದು ಭಾಗದಲ್ಲಾದರೂ ಸಂಸ್ಥೆ ಶಿಫಾರಸು ಮಾಡಿದ ಮತ್ತೊಂದು ತಳಿಯನ್ನು ಪರೀಕ್ಷಿಸಬೇಕು.

ಕಾಸರಗೋಡಿನ ಓದುಗರಿಗೂ ಒಂದು ಮಾತು. ಸಂಸ್ಥೆಯ ಕಣ್ಣೂರು ಕೇಂದ್ರದಲ್ಲಿ ದೇಶವಿದೇಶಗಳ ಸಾವಿರಾರು ಬಗೆಯ ಕಬ್ಬುಗಳನ್ನು ಕಾಪಾಡಿ ಇಟ್ಟಿದ್ದಾರೆ. ನಾಳೆ ಬರುವ ರೋಗಕ್ಕೆ ಮದ್ದು ಆ ಸಾಲುಗಳಲ್ಲೇ ಇದ್ದೀತು. ಹೊಳೆದಂಡೆಯ ಹುಲ್ಲೊಂದು ದೇಶಕ್ಕೆ ಸಕ್ಕರೆ ಉಣಿಸಲು ನೆರವಾದುದನ್ನು ಕಂಡವರು ಯಾವ ತಳಿಯನ್ನೂ ಕಳೆಗಣಿಸಲಾರರು.