ಯುನಿಕರ್ನೆಲ್‌ನಲ್ಲಿ ಜಾವಾ: ಜಾಲಸಂಪರ್ಕದ ದೋಷನಿವಾರಣೆ

ಯುನಿಕರ್ನೆಲ್ ಎಂಬುದು ಒಂದೇ ಆನ್ವಯಿಕ ತಂತ್ರಾಂಶವನ್ನೂ ಅದಕ್ಕೆ ಬೇಕಾದಷ್ಟೇ ಕಾರ್ಯಾಚರಣಾ ವ್ಯವಸ್ಥೆಯ ಭಾಗಗಳನ್ನೂ ಬೆಸೆದು ರೂಪಿಸಿದ, ಸಾಮಾನ್ಯವಾಗಿ ವರ್ಚುವಲ್ ಯಂತ್ರದಲ್ಲಿ ಓಡುವ ವ್ಯವಸ್ಥೆ. ಕ್ಲೌಡಿಯಸ್ ಸಿಸ್ಟಮ್ಸ್ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಓಎಸ್‌ವಿ ಜಾವಾ ತಂತ್ರಾಂಶಗಳನ್ನು ಹೀಗೆ ಓಡಿಸಬಲ್ಲದು.

ಇದರಲ್ಲಿ ಲಿನಕ್ಸ್‌ನ ವಾಡಿಕೆಯ ಶೆಲ್ ಇಲ್ಲ. ಫೋರ್ಕ್ ಮೂಲಕ ಹೊಸ ಪ್ರಕ್ರಿಯೆಯನ್ನು ಹುಟ್ಟಿಸಲೂ ಆಗದು. ಹೀಗಾಗಿ ಒಳಹೊಕ್ಕು ಪರೀಕ್ಷಿಸುವುದು ಕಷ್ಟ. ಕನ್ಸೋಲ್‌ನಲ್ಲಿ ಮೂಡುವ ಸಂದೇಶಗಳೇ ಮುಖ್ಯ ಸಾಕ್ಷ್ಯ. ಐಪಿ ವಿಳಾಸ ದೊರೆತಿದೆಯೇ ಎಂಬುದನ್ನು ಮೊದಲು ಅಲ್ಲಿಯೇ ನೋಡಬೇಕು.

ವರ್ಚುವಲ್ ಯಂತ್ರವನ್ನು ಅತಿಥಿಯೆಂದೂ ಅದನ್ನು ಹೊತ್ತ ಗಣಕವನ್ನು ಆತಿಥೇಯವೆಂದೂ ಕರೆಯುತ್ತಾರೆ (ಪಾರಿಭಾಷಿಕ ಪದಗಳು ಇಷ್ಟು ಸೊಗಸಾಗಿರುವುದು ಅಪರೂಪ). ಕ್ಯೂಇಎಂಯುವಿನ ಬಳಕೆದಾರ ಮಟ್ಟದ ಜಾಲದಲ್ಲಿ ಅತಿಥಿಗೆ ಡಿಎಚ್‌ಸಿಪಿ ಮೂಲಕ ಸಾಮಾನ್ಯವಾಗಿ 10.0.2.15 ದೊರೆಯುತ್ತದೆ, ಆತಿಥೇಯವು ಅದಕ್ಕೆ 10.0.2.2 ಆಗಿ ಕಾಣುತ್ತದೆ. ಹೆಚ್ಚಿನ ತೊಡಕು ಹುಟ್ಟುವುದು ಲೋಕಲ್‌ಹೋಸ್ಟ್ ಎಂಬ ಹೆಸರಿನಿಂದ. ಆತಿಥೇಯದಲ್ಲಿರುವ ದತ್ತಸಂಚಯಕ್ಕೆ ಆ ಹೆಸರನ್ನೇ ಬರೆದಿದ್ದರೆ ತಂತ್ರಾಂಶವು ಅದನ್ನು ಅತಿಥಿಯೊಳಗೇ ಹುಡುಕಿ, ಸಂಪರ್ಕ ನಿರಾಕರಿಸಲಾಗಿದೆ ಎಂಬ ದೋಷವನ್ನು ತೋರುತ್ತದೆ; ಅಲ್ಲಿ 10.0.2.2 ಎಂದಿರಬೇಕು. ಅಂತೆಯೇ ಜಾವಾ ಸರ್ವರ್ 127.0.0.1ರಲ್ಲಿ ಮಾತ್ರ ಕೋರಿಕೆಗಳನ್ನು ಸ್ವೀಕರಿಸುತ್ತಿದ್ದರೆ ಹೊರಗಿನವು ತಲಪವು, ಅದನ್ನು 0.0.0.0 ಎಂದು ಬದಲಿಸಿ, ಪೋರ್ಟ್ ಫಾರ್ವರ್ಡಿಂಗನ್ನೂ ಸೂಚಿಸಬೇಕು. ಈ ಬಗೆಯ ಜಾಲದಲ್ಲಿ ಆತಿಥೇಯದಿಂದ ಕಳುಹಿಸಿದ ಪಿಂಗ್‌ಗೆ ಉತ್ತರ ಬಾರದಿರುವುದು ದೋಷದ ಗುರುತಲ್ಲ.

ಸಂರಚನಾ ಕಡತವು ಇಮೇಜಿನೊಳಗೇ ಸೇರಿದ್ದರೆ, ಆತಿಥೇಯದಲ್ಲಿರುವ ಪ್ರತಿಯನ್ನು ತಿದ್ದಿದ ಬಳಿಕ ಇಮೇಜನ್ನು ಪುನಃ ನಿರ್ಮಿಸಬೇಕಾಗುತ್ತದೆ.