ಹಾಡಿನ ವೇದಿಕೆಯಿಂದ ಅಭಿನಯದ ಶಿಖರಕ್ಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಒಂದು ಸುತ್ತು ಬಂದರೆ, ಯಾವುದಾದರೂ ಒಂದು ಮನೆಯಿಂದ ಹಾರ್ಮೋನಿಯಂ ದನಿಯೂ ಅದರೊಡನೆ ಎಳೆಯ ಕಂಠವೊಂದರ ಸ್ವರಾಭ್ಯಾಸವೂ ಕೇಳಿಬರುತ್ತವೆ. ಬಸವ ಜಯಂತಿಯ ವಚನ ಗಾಯನ ಸ್ಪರ್ಧೆ, ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವದ ಭಾವಗೀತೆ ಸ್ಪರ್ಧೆ, ದೂರದರ್ಶನ ವಾಹಿನಿಗಳ ಗಾಯನ ಸ್ಪರ್ಧೆ ಎಂದು ಮಕ್ಕಳ ಮುಂದೆ ಇಂದು ವೇದಿಕೆಗಳು ಸಾಲುಗಟ್ಟಿ ನಿಂತಿವೆ. ಮಗಳು ಚೆನ್ನಾಗಿ ಹಾಡುತ್ತಾಳೆಂದು ಎಲ್ಲರೂ ಹೊಗಳಿದಾಗ ತಂದೆತಾಯಿಗಳಿಗೆ ಸಂತೋಷವಾಗುವುದು ಸಹಜ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಅಳುಕೂ ಹುಟ್ಟುತ್ತದೆ. ಈ ಹೊಗಳಿಕೆ ಮಗುವನ್ನು ಎಲ್ಲಿಗೆ ಕೊಂಡೊಯ್ದೀತು? ಓದು ಹಿಂದೆ ಬಿದ್ದೀತೇ? ಬಣ್ಣದ ಲೋಕದ ಕರೆ ಬಂದರೆ ಹೂಂ ಎನ್ನಬೇಕೇ, ಉಹೂಂ ಎನ್ನಬೇಕೇ?

ಈ ಪ್ರಶ್ನೆ ಇಂದಿನದಲ್ಲ. ಸುಮಾರು ಮುಕ್ಕಾಲು ಶತಮಾನದ ಹಿಂದೆ ಇದೇ ಬೆಂಗಳೂರಿನ ಒಂದು ಮಧ್ಯಮ ವರ್ಗದ ಮನೆಯೂ ಇದೇ ಪ್ರಶ್ನೆಯನ್ನು ಎದುರಿಸಿತ್ತು. ಆ ಮನೆಯ ಮಗಳೇ ಮುಂದೆ ‘ಅಭಿನಯ ಸರಸ್ವತಿ’ ಎಂದು ನಾಡಿನ ಮನ್ನಣೆ ಪಡೆದ ಶ್ರೀಮತಿ ಬಿ. ಸರೋಜಾದೇವಿಯವರು. ೨೦೨೫ರ ಜುಲೈ ೧೪ರಂದು ಅವರು ತಮ್ಮ ೮೭ನೆಯ ವಯಸ್ಸಿನಲ್ಲಿ ಮಲ್ಲೇಶ್ವರದ ನಿವಾಸದಲ್ಲಿ ಕಾಲವಶರಾದರು. ಅವರ ಬಾಳಿನ ಹಾದಿಯನ್ನು ಒಮ್ಮೆ ಅವಲೋಕಿಸುವುದು, ಹಾಡುವ ಮಕ್ಕಳಿರುವ ಪ್ರತಿಯೊಂದು ಮನೆಗೂ ಉಪಯುಕ್ತವಾದೀತು.

ಮೊದಲ ಕರೆ, ಮೊದಲ ನಿರಾಕರಣೆ

ಸರೋಜಾದೇವಿಯವರು ೧೯೩೮ರ ಜನವರಿ ೭ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ತಾಯಿ ರುದ್ರಮ್ಮನವರು ಗೃಹಿಣಿ. ದಂಪತಿಗಳ ನಾಲ್ಕನೆಯ ಮಗಳು ಇವರು. ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಹಾಡುವುದು, ಕುಣಿಯುವುದು ಎಂದರೆ ನೆರೆಹೊರೆಯವರು ಮೂಗುಮುರಿಯುತ್ತಿದ್ದ ಕಾಲವದು. ಅಂತಹ ದಿನಗಳಲ್ಲಿಯೂ ಭೈರಪ್ಪನವರು ಮಗಳಿಗೆ ನೃತ್ಯ ಕಲಿಯಲು ಪ್ರೋತ್ಸಾಹ ನೀಡಿದರು. ಮಗಳ ಕಾಲಿಗೆ ತಾವೇ ಗೆಜ್ಜೆ ಕಟ್ಟುತ್ತಿದ್ದರೆಂದೂ, ಅಭ್ಯಾಸ ಮುಗಿದ ಮೇಲೆ ಊದಿಕೊಂಡ ಪಾದಗಳನ್ನು ನೀವುತ್ತಿದ್ದರೆಂದೂ ಅವರ ಜೀವನವೃತ್ತಾಂತ ತಿಳಿಸುತ್ತದೆ. ಸಮಾಜದ ಕಣ್ಣಿಗೆ ಗಡಸಾಗಿ ಕಾಣುವ ಪೊಲೀಸ್ ಉದ್ಯೋಗದಲ್ಲಿದ್ದ ತಂದೆಯೊಬ್ಬರ ಈ ಮೃದು ಹೃದಯ ಮೆಚ್ಚತಕ್ಕದ್ದು.

ಬಾಲಕಿ ಸರೋಜಾ ೧೩ ವರ್ಷದವಳಿದ್ದಾಗ ಸಮಾರಂಭವೊಂದರಲ್ಲಿ ಹಾಡಿದಳು. ಆ ಹಾಡನ್ನು ಕೇಳಿದವರಲ್ಲಿ ಚಿತ್ರರಂಗದ ಬಿ. ಆರ್. ಕೃಷ್ಣಮೂರ್ತಿಯವರೂ ಒಬ್ಬರು. ಅವರು ಆಕೆಯನ್ನು ಚಿತ್ರರಂಗಕ್ಕೆ ಆಹ್ವಾನಿಸಿದರು. ಆದರೆ ಆಗ ಬಂದ ಉತ್ತರ ‘ಬೇಡ’ ಎಂಬುದು! ಒಂದು ಹಾಡಿನ ಹೊಗಳಿಕೆಗೆ ಮರುಳಾಗಿ ಓಡಿಹೋಗದೆ, ಎಳೆಯ ವಯಸ್ಸಿನಲ್ಲಿ ಬಂದ ಕರೆಯನ್ನು ಬದಿಗಿಟ್ಟ ಈ ನಿರ್ಧಾರವು ಗಮನಾರ್ಹವಾದುದು. ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯದೆಂಬ ಭಯದಿಂದ ಮಕ್ಕಳನ್ನು ಅವಸರಪಡಿಸುವ ಹಿರಿಯರು ಇದನ್ನು ನೆನೆಯಬೇಕು. ನಿಜವಾದ ಯೋಗ್ಯತೆಯಿದ್ದಲ್ಲಿ ಬಾಗಿಲು ಇನ್ನೊಮ್ಮೆ ತೆರೆಯುತ್ತದೆ. ಸರೋಜಾದೇವಿಯವರಿಗೆ ಅದು ನಾಲ್ಕು ವರ್ಷಗಳ ತರುವಾಯ ತೆರೆಯಿತು.

ಹಾಡುಗಾರರೇ ತೆರೆದ ಬಾಗಿಲು

ಆ ಬಾಗಿಲನ್ನು ತೆರೆದವರು ಶ್ರೀ ಸಿ. ಹೊನ್ನಪ್ಪ ಭಾಗವತರು. ನೆಲಮಂಗಲ ಸೀಮೆಯ ಚೌಡಸಂದ್ರದ ಭಾಗವತರು ಸ್ವತಃ ಸಂಗೀತಗಾರರು. ಹಾಡಿನ ಬಲದಿಂದಲೇ ರಂಗಭೂಮಿಯನ್ನೂ ಚಿತ್ರರಂಗವನ್ನೂ ಪ್ರವೇಶಿಸಿದವರು. ನಾಟಕರತ್ನ ಗುಬ್ಬಿ ವೀರಣ್ಣನವರ ಬಳಗದೊಡನೆ ಅವರಿಗಿದ್ದ ಸಂಬಂಧ ಆತ್ಮೀಯವಾದುದು. ವೀರಣ್ಣನವರು ನಿರ್ಮಿಸಿದ, ನಮ್ಮ ಮನೆಮನೆಗಳಲ್ಲಿ ಪೂಜ್ಯಳಾದ ಮಹಾಸಾಧ್ವಿಯ ಕಥೆಯನ್ನುಳ್ಳ ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರದಲ್ಲಿ ಭಾಗವತರು ನಟಿಸಿದ್ದರು.

ಇಲ್ಲಿ ಒಂದು ವಿಷಯವನ್ನು ವಿವರಿಸುವುದು ಅಗತ್ಯ. ಕಂಪನಿ ನಾಟಕಗಳ ಕಾಲದಲ್ಲಿ ಕಂಠವಿಲ್ಲದವನು ನಟನಾಗುವಂತಿರಲಿಲ್ಲ. ಧ್ವನಿವರ್ಧಕವಿಲ್ಲದ ರಂಗದ ಮೇಲೆ ನಿಂತು ಕೊನೆಯ ಸಾಲಿನವರೆಗೂ ಮುಟ್ಟುವಂತೆ ಹಾಡಬಲ್ಲವನೇ ನಾಯಕ. ಮೊದಲ ವಾಕ್ಚಿತ್ರಗಳೂ ಇದೇ ಪದ್ಧತಿಯನ್ನು ಅನುಸರಿಸಿದವು. ಅನಂತರ ಹಿನ್ನೆಲೆ ಗಾಯನವು ಬಂದು, ಹಾಡುವವರೇ ಬೇರೆ, ತೆರೆಯ ಮೇಲೆ ತುಟಿಯಾಡಿಸುವವರೇ ಬೇರೆ ಎಂಬ ವ್ಯವಸ್ಥೆ ನೆಲೆಗೊಂಡಿತು. ಹಳೆಯ ಕ್ರಮ ಅಳಿದು ಹೊಸತು ಬೇರೂರುತ್ತಿದ್ದ ಆ ಸಂಧಿಕಾಲದಲ್ಲಿಯೇ ಸರೋಜಾದೇವಿಯವರ ಪ್ರವೇಶವಾಯಿತು.

೧೯೫೫ರಲ್ಲಿ ಭಾಗವತರ ‘ಮಹಾಕವಿ ಕಾಳಿದಾಸ’ ಚಿತ್ರದ ಮೂಲಕ ಸರೋಜಾದೇವಿ ತೆರೆಯ ಮೇಲೆ ಬಂದರು. ಆಗ ಅವರ ವಯಸ್ಸು ೧೭. ಕು. ರಾ. ಸೀತಾರಾಮಶಾಸ್ತ್ರಿಗಳು ನಿರ್ದೇಶಿಸಿದ ಆ ಚಿತ್ರವು ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡ ಚಿತ್ರಕ್ಕೆ ಸಲ್ಲುವ ಮನ್ನಣೆಯನ್ನು ಪಡೆಯಿತು.

ವಿಧಿಯ ವಿನೋದವೆಂದರೆ, ಹಾಡಿನಿಂದ ಗುರುತಿಸಲ್ಪಟ್ಟ ಈ ಬಾಲೆ ಮುಂದೆ ಪ್ರಸಿದ್ಧರಾದದ್ದು ಗಾಯಕಿಯಾಗಿ ಅಲ್ಲ. ಅವರ ಮೇಲೆ ಚಿತ್ರಿತವಾದ ಜನಪ್ರಿಯ ಗೀತೆಗಳಿಗೆ ಪಿ. ಸುಶೀಲ, ಎಸ್. ಜಾನಕಿ ಮೊದಲಾದವರು ಕಂಠವಿತ್ತರು. ಹಾಗಾದರೆ ಕಲಿತ ಸಂಗೀತ ವ್ಯರ್ಥವಾಯಿತೇ? ಖಂಡಿತ ಇಲ್ಲ. ಲಯಜ್ಞಾನವಿಲ್ಲದೆ ಹೆಜ್ಜೆ ಕೂಡದು. ಸ್ವರಜ್ಞಾನವಿಲ್ಲದೆ ಮಾತಿನ ಏರಿಳಿತ ಹದಗೊಳ್ಳದು. ಬೇರೊಬ್ಬರ ಹಾಡಿಗೆ ತುಟಿ, ಕಣ್ಣು, ಕೈಗಳನ್ನು ಕೂಡಿಸಬೇಕಾದರೂ ಆ ಹಾಡು ಒಳಗೆ ನುಡಿಯುತ್ತಿರಬೇಕು. ಬಾಲ್ಯದಲ್ಲಿ ಕಲಿತ ವಿದ್ಯೆ ಬೇರೆ ರೂಪದಲ್ಲಿ ಫಲ ಕೊಡುವುದುಂಟು.

ವರನಟ ಡಾ. ರಾಜಕುಮಾರ್ ಅವರ ಬಾಳಿನಲ್ಲಿ ಇದೇ ಸಂಗತಿ ಇನ್ನೊಂದು ತೆರನಾಗಿ ನಡೆಯಿತು. ಗುಬ್ಬಿ ಕಂಪನಿಯ ರಂಗದಲ್ಲಿ ಹಾಡುತ್ತ ಬೆಳೆದ ಅವರಿಗೆ ೧೯೫೪ರ ‘ಬೇಡರ ಕಣ್ಣಪ್ಪ’ ಚಿತ್ರದ ಅನಂತರ ಬಹುಕಾಲ ಪಿ. ಬಿ. ಶ್ರೀನಿವಾಸ್ ಅವರೇ ಕಂಠವಾಗಿದ್ದರು. ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಅವರ ಹಾಡುಗಾರಿಕೆ ಮತ್ತೆ ಮುನ್ನೆಲೆಗೆ ಬಂತು. ‘ಜೀವನ ಚೈತ್ರ’ದ ಹಾಡಿಗಾಗಿ ೧೯೯೨ನೆಯ ಸಾಲಿನ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿಯೂ ಲಭಿಸಿತು. ಒಬ್ಬರಿಗೆ ಹಾಡು ಮರಳಿ ಬಂತು, ಇನ್ನೊಬ್ಬರಿಗೆ ಅದು ಅಭಿನಯದಲ್ಲಿ ಕರಗಿಹೋಯಿತು.

ತಾಯಿ ಹಾಕಿದ ಗೆರೆ

ಆ ದಿನಗಳಲ್ಲಿ ಬೆಂಗಳೂರಿನಲ್ಲಿ ತಕ್ಕ ಸ್ಟುಡಿಯೋಗಳಿರಲಿಲ್ಲ. ಇಂದು ನಂದಿನಿ ಬಡಾವಣೆಯ ಬಳಿಯಿರುವ ಶ್ರೀ ಕಂಠೀರವ ಸ್ಟುಡಿಯೋ ಸ್ಥಾಪನೆಗೊಂಡದ್ದು ೧೯೬೦ರ ದಶಕದಲ್ಲಿ. ಹೀಗಾಗಿ ಕನ್ನಡ ಚಿತ್ರಗಳೂ ಬಹುಮಟ್ಟಿಗೆ ಮದರಾಸಿನಲ್ಲಿಯೇ ತಯಾರಾಗುತ್ತಿದ್ದವು. ಕನ್ನಡದ ಹುಡುಗಿಯೊಬ್ಬಳು ಕನ್ನಡ ಚಿತ್ರದಲ್ಲಿ ನಟಿಸಲಿಕ್ಕೂ ಪರಭಾಷೆಯ ಊರಿಗೆ ಹೋಗಬೇಕಾಗಿದ್ದ ಪರಿಸ್ಥಿತಿ ಅದು.

ಮಗಳನ್ನು ಅಂತಹ ಲೋಕಕ್ಕೆ ಕಳುಹಿಸುವಾಗ ರುದ್ರಮ್ಮನವರು ಒಂದು ನಿಯಮ ವಿಧಿಸಿದರು. ತೆರೆಯ ಮೇಲೆ ತೋಳಿಲ್ಲದ ರವಿಕೆಯನ್ನಾಗಲಿ, ಈಜುಡುಗೆಯನ್ನಾಗಲಿ ಧರಿಸತಕ್ಕದ್ದಲ್ಲ ಎಂಬುದೇ ಆ ನಿಯಮ. ದಕ್ಷಿಣದ ಭಾಷೆಗಳಲ್ಲಿಯೂ ಹಿಂದಿಯಲ್ಲಿಯೂ ಬೇಡಿಕೆಯ ನಟಿಯಾದ ಮೇಲೆಯೂ ಸರೋಜಾದೇವಿಯವರು ಆ ಮಾತನ್ನು ಮೀರಲಿಲ್ಲ. ಉಡುಗೆಯ ವಿಷಯದಲ್ಲಿ ಇಂದಿನವರ ಅಭಿಪ್ರಾಯಗಳು ಬೇರೆ ಇರಬಹುದು. ಇಲ್ಲಿ ಮುಖ್ಯವಾದದ್ದು ಬಟ್ಟೆಯ ಅಳತೆಯಲ್ಲ. ತನ್ನ ಗೆರೆ ಯಾವುದೆಂದು ಕಲಾವಿದೆಗೆ ಮೊದಲೇ ಗೊತ್ತಿದ್ದರೆ, ಹಣ ಹಾಗೂ ಕೀರ್ತಿಗಳ ಒತ್ತಡ ಬಂದಾಗ ಅವಳು ತತ್ತರಿಸಬೇಕಾಗುವುದಿಲ್ಲ ಎಂಬುದು.

ಮದರಾಸಿನಲ್ಲಿ ಅವರ ಏಳಿಗೆ ಬೆರಗುಗೊಳಿಸುವಂತಹುದು. ೧೯೫೭ರಲ್ಲಿ ತೆಲುಗಿನ ‘ಪಾಂಡುರಂಗ ಮಹಾತ್ಮ್ಯಂ’ ಬಂತು. ೧೯೫೮ರಲ್ಲಿ ಎಂ. ಜಿ. ರಾಮಚಂದ್ರನ್ ಅವರೇ ನಿರ್ದೇಶಿಸಿದ ‘ನಾಡೋಡಿ ಮನ್ನನ್’ ತಮಿಳು ಚಿತ್ರದ ಉತ್ತರಾರ್ಧದಲ್ಲಿ ನಾಯಕಿಯಾಗಿ ಕಾಣಿಸಿಕೊಂಡು ಅವರು ಮನೆಮಾತಾದರು. ಮುಂದೆ ರಾಮಚಂದ್ರನ್ ಅವರೊಡನೆ ೨೬ ಚಿತ್ರಗಳಲ್ಲಿ ನಟಿಸಿದರು. ೧೯೫೯ರಲ್ಲಿ ಶ್ರೀಧರ್ ಅವರ ‘ಕಲ್ಯಾಣ ಪರಿಸು’ ಅವರಲ್ಲಿದ್ದ ಗಂಭೀರ ನಟಿಯನ್ನು ಹೊರತೆಗೆಯಿತು. ಅದೇ ವರ್ಷ ಹಿಂದಿಯ ‘ಪೈಗಾಂ’ ಚಿತ್ರದಲ್ಲಿ ದಿಲೀಪ್ ಕುಮಾರರೊಡನೆ ಅಭಿನಯಿಸಿದರು. ಶಿವಾಜಿ ಗಣೇಶನ್ ಅವರೊಡನೆ ‘ಪಾಲುಂ ಪಳಮುಂ’, ‘ಪುದಿಯ ಪರವೈ’ ಮೊದಲಾದ ಚಿತ್ರಗಳು ಬಂದವು. ಅವರ ತಮಿಳಿನಲ್ಲಿ ಕನ್ನಡದ ಸೊಗಡು ಉಳಿದೇ ಇತ್ತು. ತಮಿಳರು ಅದನ್ನು ಹಳಿಯಲಿಲ್ಲ. ‘ಕನ್ನಡದ ಗಿಣಿ’ ಎಂಬ ಅರ್ಥದ ಬಿರುದು ಕೊಟ್ಟು ಆದರಿಸಿದರು. ತನ್ನ ನುಡಿಯ ಗುರುತನ್ನು ಬಚ್ಚಿಡದೆಯೂ ಪರನಾಡನ್ನು ಗೆಲ್ಲಬಹುದೆಂಬುದಕ್ಕೆ ಇದೊಂದು ನಿದರ್ಶನ.

ಕಿತ್ತೂರಿನ ರಾಣಿ

ನಮ್ಮ ಓದುಗರ ಮನಸ್ಸಿನಲ್ಲಿ ಸರೋಜಾದೇವಿಯವರ ಹೆಸರು ಎಲ್ಲಕ್ಕಿಂತ ಹೆಚ್ಚಾಗಿ ಬೆರೆತಿರುವುದು ೧೯೬೧ರ ‘ಕಿತ್ತೂರು ಚೆನ್ನಮ್ಮ’ ಚಿತ್ರದೊಡನೆ. ಬಿ. ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ ಈ ಚಿತ್ರದಲ್ಲಿ ಮಲ್ಲಸರ್ಜ ದೇಸಾಯಿಯವರ ಪಾತ್ರವನ್ನು ಡಾ. ರಾಜಕುಮಾರ್ ವಹಿಸಿದ್ದರು, ಸಂಗೀತ ಟಿ. ಜಿ. ಲಿಂಗಪ್ಪನವರದು. ಆಗ ಸರೋಜಾದೇವಿಯವರಿಗೆ ೨೩ ವರ್ಷ. ಪ್ರೇಮಕಥೆಗಳ ಚೆಲುವೆಯೆಂದೇ ಹೆಸರಾಗುತ್ತಿದ್ದ ತರುಣಿಯೊಬ್ಬಳು ಒಡತಿಯಾಗಿ, ವಿಧವೆಯಾಗಿ, ಪುತ್ರಶೋಕದಲ್ಲಿ ಬೆಂದ ತಾಯಿಯಾಗಿ, ಕೊನೆಗೆ ಕತ್ತಿ ಹಿಡಿದ ರಾಣಿಯಾಗಿ ನಿಲ್ಲಬೇಕಾಗಿತ್ತು. ಸ್ವಲ್ಪ ತಪ್ಪಿದರೂ ಪಾತ್ರ ಹಗುರವಾಗುವ ಸಂಭವವಿತ್ತು. ಅವರು ಹಾಗಾಗಗೊಡಲಿಲ್ಲ.

೧೮೨೪ರ ಅಕ್ಟೋಬರ್‌ನಲ್ಲಿ ಕಲೆಕ್ಟರ್ ಥ್ಯಾಕರೆಯ ಸೇನೆಯನ್ನು ಸೋಲಿಸಿ, ಡಿಸೆಂಬರ್‌ನಲ್ಲಿ ಕೋಟೆ ಕಳೆದುಕೊಂಡು, ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ದೇಹವಿಟ್ಟ ಆ ವೀರಮಾತೆಯ ಚರಿತ್ರೆಯನ್ನು ಕಿತ್ತೂರು ಸೀಮೆಯವರು ಲಾವಣಿಗಳಿಂದ ಬಲ್ಲವರಾಗಿದ್ದರು. ಆದರೆ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಿಗೆ ಚೆನ್ನಮ್ಮನ ಮುಖಪರಿಚಯ ಮಾಡಿಸಿದ್ದು ಈ ಚಿತ್ರವೇ. ಕರ್ನಾಟಕ ಏಕೀಕರಣವಾಗಿ ಆಗಿನ್ನೂ ಐದೇ ವರ್ಷ. ಉತ್ತರದ ರಾಣಿಯ ಪಾತ್ರವನ್ನು ದಕ್ಷಿಣದ ಮಗಳು ಧರಿಸಿ ಇಡೀ ನಾಡಿನ ಮುಂದೆ ನಿಂತಳು. ಚಿತ್ರಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿಯೂ ಮನ್ನಣೆ ದೊರೆಯಿತು. ಸರೋಜಾದೇವಿಯವರ ಅಭಿನಯಕ್ಕೆ ಸಂದ ಗೌರವಗಳಲ್ಲಿ, ಜನರು ಚೆನ್ನಮ್ಮನೆಂದರೆ ಅವರ ಮುಖವನ್ನೇ ನೆನೆಯುವಂತಾದದ್ದು ಅತಿ ದೊಡ್ಡದು.

ಸಂಸಾರ, ಶೋಕ, ಕಾಯಕ

೧೯೬೪ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ಗೆ ಅವರೇ ನಾಯಕಿ. ೧೯೬೭ರಲ್ಲಿ ಅವರು ಇಂಜಿನಿಯರ್ ಶ್ರೀ ಹರ್ಷ ಅವರನ್ನು ವಿವಾಹವಾದರು. ಮದುವೆಯಾದ ನಾಯಕಿಗೆ ಚಿತ್ರರಂಗದಲ್ಲಿ ಜಾಗವಿಲ್ಲವೆಂದು ಅನೇಕರು ನಂಬಿದ್ದ ಕಾಲದಲ್ಲಿ ಅವರು ಮನೆಯನ್ನೂ ಕಲೆಯನ್ನೂ ಜೊತೆಗೆ ನಡೆಸಿದರು. ೧೯೬೯ರ, ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ಮಲ್ಲಮ್ಮನ ಪವಾಡ’ದಲ್ಲಿ ತಿಳಿವಳಿಕೆಯಿಲ್ಲದ ಗಂಡನನ್ನು ತಾಳ್ಮೆಯಿಂದ ತಿದ್ದಿ, ಮನೆಯನ್ನು ಉಳಿಸುವ ಸೊಸೆಯಾಗಿ ಅವರು ತೋರಿದ ಅಭಿನಯ ಕುಟುಂಬಗಳಿಗೆ ಬಹಳ ಮೆಚ್ಚುಗೆಯಾಯಿತು. ‘ನ್ಯಾಯವೇ ದೇವರು’, ‘ಶ್ರೀ ಶ್ರೀನಿವಾಸ ಕಲ್ಯಾಣ’, ‘ಬಭ್ರುವಾಹನ’, ‘ಭಾಗ್ಯವಂತರು’ ಎಲ್ಲವೂ ವಿವಾಹಾನಂತರದ ಚಿತ್ರಗಳೇ.

೧೯೮೬ರಲ್ಲಿ ಪತಿವಿಯೋಗದ ದುಃಖ ಎರಗಿತು. ಆದರೂ ಕಲೆಯ ನಂಟು ಕಡಿಯಲಿಲ್ಲ. ೨೦೦೯ರಲ್ಲಿ ತಮಿಳಿನ ‘ಆದವನ್’, ೨೦೧೯ರಲ್ಲಿ ಪುನೀತ್ ರಾಜಕುಮಾರ್ ಅವರ ‘ನಟಸಾರ್ವಭೌಮ’ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ಆರು ದಶಕಗಳಿಗೂ ಮೀರಿದ ಅವಧಿಯಲ್ಲಿ ಸುಮಾರು ೨೦೦ ಚಿತ್ರಗಳು! ೧೯೬೯ರಲ್ಲಿ ಪದ್ಮಶ್ರೀ, ೧೯೯೨ರಲ್ಲಿ ಪದ್ಮಭೂಷಣ ಗೌರವಗಳು ಸಂದವು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ತೀರ್ಪುಗಾರರ ಮಂಡಲಿಯ ಅಧ್ಯಕ್ಷತೆಯನ್ನೂ ಅವರು ವಹಿಸಿದ್ದರು. ನಿಧನಾನಂತರ, ೨೦೨೫ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಅವರಿಗೆ ಕರ್ನಾಟಕ ರತ್ನ ಪ್ರಶಸ್ತಿಯನ್ನು ಘೋಷಿಸಿತು.

ನಮ್ಮ ಮನೆಗಳಿಗೆ ಉಳಿಯುವ ಮಾತು

ಸ್ಪರ್ಧೆಯಲ್ಲಿ ಹಾಡುವ ಮಕ್ಕಳೆಲ್ಲರೂ ತಾರೆಯರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬಹುಮಾನ ಬಾರದ ದಿನ ಮಗು ಅಳುತ್ತ ಮನೆಗೆ ಬಂದರೆ, ತೀರ್ಪುಗಾರರನ್ನು ಬೈಯುವುದಕ್ಕಿಂತ ಮರುದಿನ ಬೆಳಿಗ್ಗೆ ತಂಬೂರಿಯ ಮುಂದೆ ಕೂರಿಸುವುದು ಲೇಸು. ಬಹುಮಾನ ಬಂದ ದಿನವೂ ಮಾಡಬೇಕಾದದ್ದು ಅದನ್ನೇ. ವೇದಿಕೆಯ ಚಪ್ಪಾಳೆ ಬಾಗಿಲನ್ನಷ್ಟೇ ತೋರಿಸುತ್ತದೆ. ಒಳಗೆ ನಡೆಯಲು ಕಾಲಿಗೆ ಬಲ ಬೇಕು. ಆ ಬಲ ಸರೋಜಾದೇವಿಯವರಿಗೆ ಬಂದದ್ದು ತಂದೆಯ ಒತ್ತಾಸೆಯಿಂದ, ತಾಯಿಯ ಶಿಸ್ತಿನಿಂದ, ಸ್ವಂತ ದುಡಿಮೆಯಿಂದ. ತಂದೆತಾಯಿಗಳಲ್ಲಿ ಒಬ್ಬರು ಮಗಳನ್ನು ಮುಂದಕ್ಕೆ ಕಳುಹಿಸಿದರು, ಇನ್ನೊಬ್ಬರು ಅವಳು ನೆಲೆ ತಪ್ಪದಂತೆ ನೋಡಿಕೊಂಡರು. ಎರಡೂ ಬೇಕಾದದ್ದೇ. ಬರಿಯ ಒತ್ತಾಸೆ ಮಗುವನ್ನು ಉಬ್ಬಿಸೀತು, ಬರಿಯ ಶಿಸ್ತು ಬಾಡಿಸೀತು.

ಸರೋಜಾದೇವಿಯವರ ಪಾರ್ಥಿವ ಶರೀರವನ್ನು ಮರುದಿನ ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮದಲ್ಲಿ ಸರ್ಕಾರಿ ಗೌರವಗಳೊಡನೆ ಸಮಾಧಿ ಮಾಡಲಾಯಿತು. ಅದಕ್ಕೆ ಮುನ್ನ ಅವರ ಇಚ್ಛೆಯಂತೆ ಕಣ್ಣುಗಳನ್ನು ರಾಜಾಜಿನಗರದ ನಾರಾಯಣ ನೇತ್ರಾಲಯಕ್ಕೆ ದಾನವಾಗಿ ನೀಡಲಾಗಿತ್ತು. ಡಾ. ರಾಜಕುಮಾರ್ ಅವರ ಹೆಸರಿನ ನೇತ್ರನಿಧಿ ಇರುವುದೂ ಅಲ್ಲಿಯೇ. ೨೦೦೬ರಲ್ಲಿ ರಾಜಕುಮಾರ್, ೨೦೨೧ರಲ್ಲಿ ಪುನೀತ್ ಹೀಗೆಯೇ ಕಣ್ಣುಗಳನ್ನು ಕೊಟ್ಟು ಹೋದರು. ಹಾಡಿನಿಂದ ಮೊದಲಾದ ಬಾಳು ಕೊನೆಗೆ ಪರರಿಗೆ ಬೆಳಕು ನೀಡಿ ಮುಗಿಯಿತು. ನಮ್ಮ ಮನೆಗಳ ಹಿರಿಯರು ಈ ದಾನದ ಬಗೆಗೂ ಮಕ್ಕಳೊಡನೆ ಕುಳಿತು ಮಾತನಾಡಲಿ; ನೇತ್ರದಾನದ ವಾಗ್ದಾನಕ್ಕೆ ಸಹಿ ಹಾಕಲು ಸಿರಿತನವೂ ಬೇಡ, ಕೀರ್ತಿಯೂ ಬೇಡ.